ಹಸುಗೂಸಿನ ಭೇದಿ ಮತ್ತು ರೋಟಾ ಲಸಿಕೆಯ ಚರಿತ್ರೆ

ಸಿಡುಬು, ಕಾಲರಾಗಳಂತಹ ಬೇನೆಗಳನ್ನು ಕರ್ನಾಟಕದ ಜನಪದರು ಮಾರಿಯ ಹೆಸರಿನಲ್ಲಿ ಗುರುತಿಸಿ, ಹರಕೆ ಜಾತ್ರೆಗಳ ಮೂಲಕ ಊರೊಟ್ಟಾಗಿ ಎದುರಿಸಿದರು. ಹಸುಗೂಸಿನ ಭೇದಿಯಾದರೋ ಬಹುಮಟ್ಟಿಗೆ ಮನೆಯೊಳಗಿನ ಸಂಗತಿಯಾಗಿಯೇ ಉಳಿಯಿತು. ಹಲ್ಲು ಮೂಡುವ ಕಾಲವೆಂದೋ ದೃಷ್ಟಿ ತಾಗಿತೆಂದೋ ಅದಕ್ಕೆ ಕಾರಣ ಹೇಳಲಾಗುತ್ತಿತ್ತು. ನಿವಾಳಿಸುವುದು, ಬಜೆ ತೇದು ನೆಕ್ಕಿಸುವುದು, ಗಂಜಿಯ ತಿಳಿ ಕುಡಿಸುವುದು ಇವೆಲ್ಲವೂ ಅಜ್ಜಿ, ತಾಯಂದಿರ ಪಾಲಿನ ಕೆಲಸಗಳಾಗಿದ್ದವು.

ಇಂತಹ ಭೇದಿಯ ಮುಖ್ಯ ಕಾರಣಗಳಲ್ಲೊಂದು 1973ರಲ್ಲಿ ಕಣ್ಣಿಗೆ ಬಿದ್ದಿತು. ಮೆಲ್ಬರ್ನ್‌ನ ರೂತ್ ಬಿಷಪ್ ಮತ್ತು ಸಂಗಡಿಗರು ರೋಗಪೀಡಿತ ಮಕ್ಕಳ ಸಣ್ಣಕರುಳಿನ ಅಂಗಾಂಶದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ಈ ವೈರಾಣುವನ್ನು ಕಂಡರು. ಗಾಲಿಯನ್ನು ಹೋಲುವ ಆಕಾರದಿಂದಾಗಿ ಅದಕ್ಕೆ ಲ್ಯಾಟಿನ್ ಭಾಷೆಯಲ್ಲಿ ಚಕ್ರವೆಂಬ ಅರ್ಥವುಳ್ಳ 'ರೋಟಾ' ಎಂಬ ಹೆಸರು ಬಂದಿತು. 1998ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಮೊದಲ ಲಸಿಕೆಯನ್ನು, ಕರುಳು ಒಂದರೊಳಗೊಂದು ಸೇರಿಕೊಳ್ಳುವ ತೊಡಕು ಕಂಡುಬಂದುದರಿಂದ, 1999ರಲ್ಲಿ ಹಿಂದೆಗೆದುಕೊಳ್ಳಲಾಯಿತು.

ಭಾರತದ ಲಸಿಕೆಯ ಮೂಲ ಪ್ರಯೋಗಾಲಯದಲ್ಲಿಲ್ಲ, ತೊಟ್ಟಿಲಲ್ಲಿದೆ. ವೈರಾಣು ಸೋಂಕಿದರೂ ಕಾಯಿಲೆ ಬೀಳದ ನವಜಾತ ಶಿಶುಗಳನ್ನು 1980ರ ದಶಕದಲ್ಲಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಎಂ. ಕೆ. ಭಾನ್ ಗುರುತಿಸಿದರು. ಅಲ್ಲಿ ದೊರೆತ ತಳಿಯೇ 116ಇ. ಬೆಂಗಳೂರಿನ ನವಜಾತ ಶಿಶುಗಳಲ್ಲಿಯೂ ಐ321 ಎಂಬ ತಳಿ ಪತ್ತೆಯಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಅದನ್ನು ಅಧ್ಯಯನ ಮಾಡಿದರು. ಎರಡೂ ತಳಿಗಳಲ್ಲಿ ಮಾನವ ಹಾಗೂ ದನದ ವೈರಾಣುಗಳ ಅಂಶಗಳು ಬೆರೆತಿದ್ದುದು ಗಮನಾರ್ಹ. ಶಿಶುಗಳಲ್ಲಿ ಪರೀಕ್ಷಿಸಿದಾಗ ಹೆಚ್ಚಿನ ರೋಗನಿರೋಧಕ ಪ್ರತಿಕ್ರಿಯೆ ತೋರಿದ ದೆಹಲಿಯ ತಳಿ ಮುಂದುವರಿಯಿತು, ಬೆಂಗಳೂರಿನದು ಹಿಂದುಳಿಯಿತು.

ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸಿದ ಈ ಲಸಿಕೆಯನ್ನು ದೆಹಲಿ, ಪುಣೆ, ವೆಲ್ಲೂರುಗಳ 6,799 ಶಿಶುಗಳು ಪಾಲ್ಗೊಂಡ ಅಧ್ಯಯನದಲ್ಲಿ ಪರೀಕ್ಷಿಸಲಾಯಿತು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೊದಲ ವರ್ಷದಲ್ಲಿ ರೋಟಾದಿಂದಾಗುವ ತೀವ್ರ ಭೇದಿ ಸುಮಾರು ಶೇ. 56ರಷ್ಟು ತಗ್ಗಿತು. 2016ರಲ್ಲಿ ಹಿಮಾಚಲ ಪ್ರದೇಶ, ಹರಿಯಾಣ, ಒಡಿಶಾ, ಆಂಧ್ರಪ್ರದೇಶಗಳಲ್ಲಿ ಆರಂಭವಾದ ಸಾರ್ವತ್ರಿಕ ರೋಟಾ ಲಸಿಕೆ ಕಾರ್ಯಕ್ರಮವು 2019ರಲ್ಲಿ ಕರ್ನಾಟಕವನ್ನೂ ಒಳಗೊಂಡು ದೇಶವ್ಯಾಪಿಯಾಯಿತು. ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಲಸಿಕೆಯನ್ನು ಬಾಯಿಗೆ ಹಾಕಲಾಗುತ್ತದೆ.

ಲಸಿಕೆ ಎಲ್ಲ ಭೇದಿಯನ್ನೂ ತಡೆಯಲಾರದು. ಭೇದಿಯಾದಾಗ ಮೈಯ ನೀರು ಬತ್ತದಂತೆ ನೋಡಿಕೊಳ್ಳುವ ಉಪಾಯ ಇಂದಿಗೂ ಅಗತ್ಯ. ಈ ದೃಷ್ಟಿಯಿಂದ ಉಪ್ಪು ಬೆರೆಸಿದ ಗಂಜಿತಿಳಿಗೂ ಆಧುನಿಕ ಪುನರ್ಜಲೀಕರಣ ದ್ರಾವಣಕ್ಕೂ ನಂಟಿದೆ. ಈ ಚರಿತ್ರೆ ಲಸಿಕೆ ರೂಪಿಸಿದವರನ್ನು ಹೆಸರಿಸುತ್ತದೆ. ತಳಿ ನೀಡಿದ ಕೂಸುಗಳಿಗೂ, ಪರೀಕ್ಷೆಗೆ ಮಕ್ಕಳನ್ನು ಒಪ್ಪಿಸಿದ ತಾಯಂದಿರಿಗೂ ಅದರಲ್ಲಿ ಹೆಸರಿಲ್ಲ. ಜನಪದ ವೈದ್ಯದ ಚರಿತ್ರೆಯಂತೆ ಇದೂ ಅನಾಮಿಕರ ಋಣದ ಮೇಲೆ ನಿಂತಿದೆ.