ಹಾಸಿಗೆ ಹಿಡಿದವರ ಆರೈಕೆಗೆ ಮನೆಯಲ್ಲಿ ಒಬ್ಬರಿದ್ದರೆ ಸಾಕೇ?

"ಸೊಸೆ ಮನೆಯಲ್ಲೇ ಇದ್ದಾಳಲ್ಲ, ನೋಡಿಕೊಳ್ಳುತ್ತಾಳೆ." ಹಿರಿಯರು ಲಕ್ವಾ ಹೊಡೆದು ಹಾಸಿಗೆ ಹಿಡಿದಾಗ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಎಷ್ಟೋ ಮನೆಗಳಲ್ಲಿ ಕೇಳುವ ಮಾತಿದು. ಆದರೆ ಲೆಕ್ಕ ಹಾಕಿ ನೋಡಿ. ತಾವಾಗಿ ಹೊರಳಲಾಗದವರ ಮಗ್ಗುಲನ್ನು ಸಾಮಾನ್ಯವಾಗಿ 2 ಗಂಟೆಗೊಮ್ಮೆ ಬದಲಿಸಬೇಕು. ಅಂದರೆ ದಿನಕ್ಕೆ 12 ಸಲ, ರಾತ್ರಿಯೂ ಸೇರಿ. ಒಬ್ಬರೇ ತಿಂಗಳುಗಟ್ಟಲೆ ಇದನ್ನು ಮಾಡಿದರೆ ಅವರೂ ಹಾಸಿಗೆ ಹಿಡಿಯುತ್ತಾರೆ.

ಪೌಡರ್ ಹಚ್ಚಿ ತಿಕ್ಕಿದರೆ ಬೆನ್ನು ಹುಣ್ಣಾಗುವುದಿಲ್ಲವೇ?

ತಪ್ಪು. ಒಂದೇ ಜಾಗದ ಮೇಲೆ ಭಾರ ಬಿದ್ದು ರಕ್ತ ಹರಿಯುವುದು ನಿಂತಾಗ ಹುಣ್ಣಾಗುತ್ತದೆ. ಕೆಂಪಾದ ಚರ್ಮವನ್ನು ತಿಕ್ಕಿದರೆ ಇನ್ನಷ್ಟು ಹಾನಿ. ಮಗ್ಗುಲು ಬದಲಿಸುವುದು, ಚರ್ಮ ಒಣಗಿರುವಂತೆ ನೋಡಿಕೊಳ್ಳುವುದೇ ಮದ್ದು.

ಹಾಗಾದರೆ ಏನು ಮಾಡಬೇಕು?

ಮನೆಮಂದಿಯೆಲ್ಲ ಕೂತು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ:

1. ಪಾಳಿ: ಹಗಲು ಯಾರು, ರಾತ್ರಿ ಯಾರು, ವಾರಕ್ಕೊಂದು ದಿನ ಬಿಡುವು ಯಾರಿಗೆ. ಗಂಡಸರ ಹೆಸರೂ ಇರಲಿ.

2. ಮಾತ್ರೆ: ಹೆಸರು, ಹೊತ್ತು. ಕೊಟ್ಟವರು ಗುರುತು ಹಾಕಲಿ. ಇಲ್ಲದಿದ್ದರೆ ಒಂದೇ ಮಾತ್ರೆ ಎರಡು ಸಲ ಹೋಗುತ್ತದೆ.

3. ಊಟ: ಕೂರಿಸಿಯೇ ಉಣಿಸಬೇಕು. ನುಂಗುವಾಗ ಕೆಮ್ಮು ಬಂದರೆ ವೈದ್ಯರಿಗೆ ತಿಳಿಸಿ.

4. ತುರ್ತು: ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ತಕ್ಷಣ 108ಕ್ಕೆ ಕರೆ ಮಾಡಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಬೆರಳಿಗೆ ಸೂಜಿ ಚುಚ್ಚಿ ರಕ್ತ ತೆಗೆಯಿರಿ ಎಂಬ ಸಂದೇಶ ಸುಳ್ಳು, ಅದರಿಂದ ಹೊತ್ತು ಮಾತ್ರ ಹಾಳು. ಬೆಳಗಾವಿಯೋ, ಧಾರವಾಡ-ಹುಬ್ಬಳ್ಳಿಯೋ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆ ಯಾವುದು ಹತ್ತಿರ ಎಂದು ಮೊದಲೇ ಬರೆದಿಡಿ. ಯಲ್ಲಮ್ಮನ ಜಾತ್ರೆಯ ಹುಣ್ಣಿಮೆಗಳಲ್ಲಿ ಸವದತ್ತಿ ರಸ್ತೆ ತುಂಬಿರುತ್ತದೆ, ಬೇರೆ ದಾರಿಯೂ ಗೊತ್ತಿರಲಿ.

5. ಕಾಗದಪತ್ರ: ಆಧಾರ್, ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್, ಹಳೆಯ ಚೀಟಿಗಳು ಒಂದೇ ಚೀಲದಲ್ಲಿರಲಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ.

ಆರೈಕೆ ಮಾಡುವವರ ನಿದ್ದೆ, ಬಿಪಿ, ಬೆನ್ನುನೋವನ್ನೂ ವಿಚಾರಿಸಿ. ಸಲಹೆ ಬೇಕಾದರೆ ಆರೋಗ್ಯ ಸಹಾಯವಾಣಿ 104, ಹಿರಿಯರ ಸಹಾಯವಾಣಿ 14567 ಇವೆ. ಊರಿನ ಆಶಾ ಕಾರ್ಯಕರ್ತೆಯನ್ನೂ ಕೇಳಿ.

ಈ ಲೇಖನ ಫಾರ್ವರ್ಡ್ ಮಾಡುವಾಗ ನಿಮ್ಮ ಮನೆಯ ಪಾಳಿ ಹಾಳೆಯ ಫೋಟೊವನ್ನೂ ಕುಟುಂಬದ ಗ್ರೂಪಿಗೆ ಹಾಕಿ. ಬೆಂಗಳೂರು, ಪುಣೆಯಲ್ಲಿರುವ ಮಕ್ಕಳಿಗೂ ತಮ್ಮ ಪಾಲಿನ ಕೆಲಸ ಯಾವುದೆಂದು ಗೊತ್ತಾಗಲಿ.