ಕಾವಡಿಯ ಮೇಲಿನ ಅಡುಗೆಮನೆ

ಹನೋಯ್ ನಗರದ ಹಳೆಯ ಪೇಟೆ, ಬೆಳಗಿನ ಆರು ಗಂಟೆ. ನಾನೂ ಮಗಳೂ ಇಳಿದುಕೊಂಡಿದ್ದ ಸಣ್ಣ ಹೋಟೆಲಿನ ಎದುರು ಫುಟ್‌ಪಾತಿನ ಮೇಲೆ ವಯಸ್ಸಾದ ಹೆಂಗಸೊಬ್ಬರು ಒಲೆ ಹೂಡಿ ಕುಳಿತಿದ್ದರು. ಕುದಿಯುವ ನೀರಿನ ಪಾತ್ರೆಯ ಬಾಯಿಗೆ ಬಿಳಿಯ ಬಟ್ಟೆಯನ್ನು ಬಿಗಿಯಾಗಿ ಕಟ್ಟಿ, ಅದರ ಮೇಲೆ ಒಂದು ಸೌಟು ಅಕ್ಕಿ ಹಿಟ್ಟು ಹುಯ್ದು, ಸೌಟಿನ ತಳದಿಂದಲೇ ತೆಳ್ಳಗೆ ಸವರಿ ಮುಚ್ಚಳ ಮುಚ್ಚಿದರು. ಅರ್ಧ ನಿಮಿಷವಾಗಿರಬಹುದು, ಮುಚ್ಚಳ ತೆಗೆದು ಬಿದಿರಿನ ಪಟ್ಟಿಯೊಂದನ್ನು ಅಡಿಗೆ ತೂರಿಸಿ ಎತ್ತಿದರು. ಒದ್ದೆ ಮಲ್ಲು ಬಟ್ಟೆಯಂಥ ಹಾಳೆ! ಅದನ್ನು ತಟ್ಟೆಗಿಳಿಸಿ, ಸುತ್ತಿ, ಮೇಲೆ ಹುರಿದ ಈರುಳ್ಳಿ ಉದುರಿಸಿ, ಕಾದು ನಿಂತಿದ್ದ ಹುಡುಗನ ಕೈಗೆ ಕೊಟ್ಟರು.

ನಾನು ನಿಂತಲ್ಲೇ ನಿಂತೆ. ಹಬೆ, ಬಟ್ಟೆ, ಅಕ್ಕಿ ಹಿಟ್ಟು ಬೇಯುವ ಆ ವಾಸನೆ ಇವೆಲ್ಲ ನನಗೆ ಗೊತ್ತಿದ್ದವು. ನಮ್ಮಜ್ಜಿಯೂ ತಟ್ಟೆಗೆ ಒದ್ದೆ ಬಟ್ಟೆ ಹಾಸಿಯೇ ಇಡ್ಲಿ ಹಾಕುತ್ತಿದ್ದಳು. ಬೇಸಿಗೆ ರಜೆಯಲ್ಲಿ ಆ ಬಟ್ಟೆ ತೊಳೆಯುವ ಕೆಲಸ ನನ್ನದು. ಅಜ್ಜಿಯ ಇಡ್ಲಿಗೆ ಬೇರೆ ಒಂದು ಕಥೆಯಿದೆ, ಆಮೇಲೆ ಹೇಳುತ್ತೇನೆ.

ಹೋಗಿದ್ದು 2019ರ ನವೆಂಬರಿನಲ್ಲಿ. ಹೊರಡುವಾಗ ನೆಂಟರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ನೀನು ತಿನ್ನೋದೇನು?" ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿಯ ಗಂಟು ಕಟ್ಟಿಕೊಂಡೇ ವಿಮಾನ ಹತ್ತಿದವಳು ನಾನು. ಮಗಳು ಮಾತ್ರ ಒಂದು ಪದ ಕಲಿತು ಬಂದಿದ್ದಳು, "ಚಾಯ್". ನಮ್ಮ ಚಹಾ ಅಲ್ಲ, ಅವರ ಭಾಷೆಯಲ್ಲಿ ಸಸ್ಯಾಹಾರ. ಬೌದ್ಧರಾದ ಅಲ್ಲಿನ ಎಷ್ಟೋ ಜನ ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹುಣ್ಣಿಮೆಯ ದಿನ ಮಾಂಸ ಮುಟ್ಟುವುದಿಲ್ಲ. ಆದ್ದರಿಂದ ಆ ಪದ ಹೇಳಿದರೆ ಯಾರೂ ವಿಚಿತ್ರವಾಗಿ ನೋಡುವುದಿಲ್ಲ. "ಓ, ಇವರಿಗೆ ಇವತ್ತು ವ್ರತ" ಎಂಬಂತೆ ತಲೆಯಾಡಿಸುತ್ತಾರೆ. ಮೀನಿನ ರಸವಾದ ನುವೊಕ್ ಮಾಮ್ ಅವರಿಗೆ ನಮ್ಮ ಉಪ್ಪು-ಹುಣಿಸೆ ಇದ್ದಂತೆ, ಅದೊಂದನ್ನು ಬೇಡವೆನ್ನುವುದೇ ಕಷ್ಟ. ಕೈ ಅಡ್ಡ ಹಿಡಿದು ನಕ್ಕರೆ ಅವರೂ ನಕ್ಕು ಬಟ್ಟಲನ್ನು ದೂರವಿಡುತ್ತಿದ್ದರು.

ಇನ್ನೊಂದು ಸಂಗತಿ ನನಗೆ ತುಂಬ ಹಿಡಿಸಿತು. ಆ ಭಾಷೆಯಲ್ಲಿ ಎದುರಿಗಿರುವವರನ್ನು ಬರಿದೇ "ನೀವು" ಎನ್ನುವ ರೂಢಿಯಿಲ್ಲ. ಅಕ್ಕ, ತಮ್ಮ, ಅತ್ತೆ, ಅಜ್ಜಿ ಎಂದು ವಯಸ್ಸು ನೋಡಿ ಸಂಬಂಧ ಹಚ್ಚಿಯೇ ಮಾತು ಶುರು. ಅಜ್ಜಿಗೆ ಅವರು "ಬಾ" ಎನ್ನುತ್ತಾರೆ. ಹೋಟೆಲಿನಲ್ಲಿ ಕೆಲಸಕ್ಕಿದ್ದ ಕಾಲೇಜು ಹುಡುಗಿಯನ್ನು ಜೊತೆಗೆ ಕರೆದುಕೊಂಡು ನಾನೂ ಆ ಹೆಂಗಸಿನ ಮುಂದೆ ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಹೇಗೋ ಕುಳಿತೆ. ತಟ್ಟೆಗೆ 25 ಸಾವಿರ ಡಾಂಗ್ ಎಂದಾಗ ಎದೆ ಹಾರಿತು. ಲೆಕ್ಕ ಹಾಕಿದರೆ ನಮ್ಮ 75 ರೂಪಾಯಿ! ಆ ತಿಂಡಿಯ ಹೆಸರು ಬಾನ್ ಕುವೊನ್. ಹನೋಯಿಯ ಅಂಚಿನ ಥಾನ್ ಚೀ ಎಂಬ ಹಳ್ಳಿ ಹೂರಣವಿಲ್ಲದ, ಕಾಗದದಷ್ಟು ತೆಳುವಾದ ಬಾನ್ ಕುವೊನ್‌ಗೆ ಹೆಸರಾದದ್ದು. ಅಲ್ಲಿನ ಹೆಂಗಸರು ಬುಟ್ಟಿ ತಲೆಯ ಮೇಲಿಟ್ಟುಕೊಂಡು ಪೇಟೆಗೆ ನಡೆದು ಬಂದು ಮಾರುತ್ತಿದ್ದರಂತೆ.

ವಿಯೆಟ್ನಾಮಿನಲ್ಲಿ ಸಂತೆ ವ್ಯಾಪಾರ ಹಿಂದಿನಿಂದಲೂ ಹೆಚ್ಚಾಗಿ ಹೆಂಗಸರ ಕೈಯಲ್ಲೇ ಇದ್ದದ್ದು. ಹೆಗಲ ಮೇಲೆ ಬಿದಿರಿನ ಕಾವಡಿ, ಒಂದು ತೂಗಿನಲ್ಲಿ ಒಲೆ ಮತ್ತು ಪಾತ್ರೆ, ಇನ್ನೊಂದರಲ್ಲಿ ಬಟ್ಟಲು, ಸೊಪ್ಪು, ಒಂದೆರಡು ಸ್ಟೂಲು. ಇಡೀ ಅಡುಗೆಮನೆಯನ್ನೇ ಹೊತ್ತು ಬೀದಿ ಬೀದಿ ಸುತ್ತುವುದು. ಇವತ್ತು ಜಗತ್ತಿಗೆಲ್ಲ ಗೊತ್ತಿರುವ "ಫೊ" ಕೂಡ ಕಾವಡಿಯ ಮೇಲೇ ಬೆಳೆದದ್ದು. ಅದು ಹುಟ್ಟಿದ್ದು ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ, ಹನೋಯ್ ಮತ್ತು ನಾಮ್ ದಿನ್ ಕಡೆ. ಅಲ್ಲಿನ ರೈತರಿಗೆ ದನವೆಂದರೆ ಉಳುವ ಜೀವ, ತಿನ್ನುವ ರೂಢಿ ಕಡಿಮೆ. ಆಳಲು ಬಂದ ಫ್ರೆಂಚರು ದನದ ಮಾಂಸ ಬೇಡಿದರು. ಅವರು ಬೇಡವೆಂದು ಬಿಟ್ಟ ಮೂಳೆಗಳನ್ನು ಬೀದಿಯ ವ್ಯಾಪಾರಿಗಳು ಅಗ್ಗಕ್ಕೆ ತಂದು, ಸುಟ್ಟ ಶುಂಠಿ, ಸುಟ್ಟ ಈರುಳ್ಳಿ, ಚಕ್ಕೆ, ಚಕ್ರಮೊಗ್ಗು ಹಾಕಿ ಇರುಳಿಡೀ ಕುದಿಸಿ, ಅಕ್ಕಿ ಶ್ಯಾವಿಗೆಯ ಮೇಲೆ ಹುಯ್ದು ಮಾರಿದರು. ಹೆಸರು ಬಂದದ್ದು ಫ್ರೆಂಚರ ಸೂಪಿನಿಂದಲೋ ಚೀನೀಯರ ಶ್ಯಾವಿಗೆಯಿಂದಲೋ ಎಂಬ ಜಗಳ ಇನ್ನೂ ನಡೆದಿದೆ. ದೊರೆಗಳ ಎಂಜಲಿನಿಂದ ಒಂದು ದೇಶದ ಹೆಮ್ಮೆಯ ಅಡುಗೆ ಹುಟ್ಟಿತು ಎನ್ನಿ.

ನಾನು ತಿಂದದ್ದು ಅಣಬೆ, ಮೂಲಂಗಿ ಕುದಿಸಿದ ಚಾಯ್ ಫೊ. ಅದನ್ನು ಕಂಡು ಆ ಹುಡುಗಿ ಕಿಸಕ್ಕನೆ ನಕ್ಕಳು. "ಆಂಟಿ, ನಿಮ್ಮದು ಪೈಲಟ್ ಇಲ್ಲದ ಫೊ!" ಎಂದಳು. ನಗುವಿನ ಹಿಂದೆ ಒಂದು ಚರಿತ್ರೆಯೇ ಇತ್ತು.

ಅದಕ್ಕೆ ಮೊದಲು 1945ರ ಮಾತು ಹೇಳಬೇಕು. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು ವಿಯೆಟ್ನಾಮಿಗೆ ಬಂದು ಕುಳಿತರು. ಫ್ರೆಂಚ್ ಆಡಳಿತವೂ ಜೊತೆಗಿತ್ತು. ಇಬ್ಬರೂ ಸೇರಿ ರೈತರ ಭತ್ತವನ್ನು ಬಲವಂತವಾಗಿ ವಸೂಲು ಮಾಡಿದರು. ಭತ್ತದ ಗದ್ದೆಗಳಲ್ಲಿ ಯುದ್ಧಕ್ಕೆ ಬೇಕಾದ ಸೆಣಬು, ಹರಳು ಹಾಕಿಸಿದರು. ಅಮೆರಿಕದ ಬಾಂಬುಗಳಿಂದ ರೈಲು, ಹಡಗಿನ ದಾರಿಗಳು ಮುರಿದು ದಕ್ಷಿಣದ ಅಕ್ಕಿ ಉತ್ತರಕ್ಕೆ ಬರಲಿಲ್ಲ. ಮೇಲೆ 1944ರ ಬಿರುಗಾಳಿ, ಪ್ರವಾಹ. ಉತ್ತರ ವಿಯೆಟ್ನಾಮಿನಲ್ಲಿ ಜನ ಹಸಿವಿನಿಂದ ರಸ್ತೆಗಳಲ್ಲೇ ಬಿದ್ದು ಸತ್ತರು. ಸತ್ತವರು 4 ಲಕ್ಷವೆಂದು ಕೆಲವರು, 20 ಲಕ್ಷವೆಂದು ಕೆಲವರು ಲೆಕ್ಕ ಕೊಡುತ್ತಾರೆ. 1945ರ ಸೆಪ್ಟೆಂಬರ್ 2ರಂದು ಹೋ ಚಿ ಮಿನ್ ಸ್ವಾತಂತ್ರ್ಯ ಘೋಷಿಸಿದಾಗ ಹೇಳಿದ ಸಂಖ್ಯೆ 20 ಲಕ್ಷಕ್ಕೂ ಹೆಚ್ಚು. ಅದಕ್ಕೆ ಎರಡೇ ವರ್ಷ ಮುಂಚೆ ನಮ್ಮ ಬಂಗಾಳವೂ ಹೀಗೆಯೇ ಸತ್ತಿತ್ತು.

1954ರಲ್ಲಿ ದೇಶ ಎರಡಾಯಿತು. ಸುಮಾರು 10 ಲಕ್ಷ ಜನ ಉತ್ತರದಿಂದ ದಕ್ಷಿಣಕ್ಕೆ ಗುಳೆ ಹೋದರು. ಅವರ ಜೊತೆ ಫೊ ಕೂಡ ಸೈಗಾನ್‌ನಲ್ಲಿ ಹರಡಿತು. ಅಲ್ಲಿ ಅದಕ್ಕೆ ತುಳಸಿಯಂಥ ಸೊಪ್ಪು, ಮೊಳಕೆ ಕಾಳು, ಸಿಹಿ ಸೇರಿತು. ಫ್ರೆಂಚರು ತಂದಿದ್ದ ಉದ್ದನೆಯ ಬ್ರೆಡ್ಡೂ ಆ ವರ್ಷಗಳಲ್ಲೇ ವೇಷ ಬದಲಿಸಿತು. ದೊರೆಗಳು ಅದನ್ನು ಮೇಜಿನ ಮುಂದೆ ಕುಳಿತು, ಬೆಣ್ಣೆ, ಮಾಂಸಗಳ ಜೊತೆ ತಿನ್ನುತ್ತಿದ್ದರು. ಕೆಲಸಕ್ಕೆ ಓಡುವ ಬಡವರಿಗೆ ಮೇಜೆಲ್ಲಿ, ಬೆಣ್ಣೆಯೆಲ್ಲಿ? ಸೈಗಾನಿನ ಅಂಗಡಿಗಳು ಬ್ರೆಡ್ಡನ್ನು ಗಿಡ್ಡವಾಗಿಸಿ, ಹೊಟ್ಟೆ ಸೀಳಿ, ಎಲ್ಲವನ್ನೂ ಒಳಗೇ ತುಂಬಿ, ಕಾಗದದಲ್ಲಿ ಸುತ್ತಿ ಕೈಗಿಟ್ಟವು. ಅದೇ ಇಂದಿನ ಬಾನ್ ಮೀ. ಉಪ್ಪು-ಸಿಹಿ ಹುಳಿಯಲ್ಲಿ ನೆನೆದ ಕ್ಯಾರೆಟ್, ಕೊತ್ತಂಬರಿ, ಸೌತೆ, ಹುರಿದ ಮೊಟ್ಟೆ ಹಾಕಿಸಿಕೊಂಡು ಮಗಳು ತಿಂದಳು. ನನ್ನದಕ್ಕೆ ಮೊಟ್ಟೆಯ ಬದಲು ಸೋಯಾ ಕಾಳಿನ ತೋಫು.

ಇನ್ನು ಪೈಲಟ್ ಇಲ್ಲದ ಫೊ. ಅಮೆರಿಕದೊಡನೆ ಯುದ್ಧ ನಡೆಯುತ್ತಿದ್ದ 1960ರ ದಶಕದಲ್ಲಿ ಹನೋಯಿಯಲ್ಲಿ ಊಟದ ಅಂಗಡಿಗಳು ಸರ್ಕಾರದ್ದಾಗಿದ್ದವು. ಮಾಂಸ ಸಿಗುತ್ತಿರಲಿಲ್ಲ. ಬಟ್ಟಲಲ್ಲಿ ಬರೀ ಶ್ಯಾವಿಗೆ, ಬರೀ ನೀರಿನಂಥ ಸಾರು. ಆಕಾಶದಲ್ಲಿ ಅಮೆರಿಕದ ಪೈಲಟ್ ಇಲ್ಲದ ಬೇಹುಗಾರಿಕೆ ವಿಮಾನಗಳು ಸುತ್ತುತ್ತಿದ್ದವು. ಜನ ಆ ಹೆಸರನ್ನೇ ಮಾಂಸವಿಲ್ಲದ ಫೊಗೆ ಇಟ್ಟರು! ತಲೆಯ ಮೇಲೆ ಸಾವು ಹಾರುತ್ತಿರುವಾಗ ಬಟ್ಟಲು ಹಿಡಿದು ನಕ್ಕ ಜನ.

1975ರಲ್ಲಿ ಯುದ್ಧ ಮುಗಿದರೂ ಹಸಿವು ಮುಗಿಯಲಿಲ್ಲ. ಅಕ್ಕಿ, ಸಕ್ಕರೆ, ಬಟ್ಟೆ ಎಲ್ಲಕ್ಕೂ ಚೀಟಿ. ನಡುರಾತ್ರಿಯೇ ಸಾಲು. ತಮ್ಮ ಜಾಗದಲ್ಲಿ ಒಂದು ಇಟ್ಟಿಗೆಯನ್ನಿಟ್ಟು ಮನೆಗೆ ಹೋಗಿ ಮಕ್ಕಳನ್ನು ನೋಡಿ ಬರುತ್ತಿದ್ದರಂತೆ. ಅನ್ನಕ್ಕೆ ಮರಗೆಣಸು, ಜೋಳ ಬೆರೆಸಿ ಉಂಡರು. ಯಾರಾದರೂ ಮುಖ ಸಪ್ಪೆ ಮಾಡಿಕೊಂಡು ಕುಳಿತರೆ, "ಅಕ್ಕಿಯ ಚೀಟಿಪುಸ್ತಕ ಕಳೆದುಕೊಂಡವರ ಹಾಗೆ" ಎಂಬ ಮಾತು ಅಲ್ಲಿ ಈಗಲೂ ಇದೆ. ಸೀಮೆಎಣ್ಣೆ ಡಬ್ಬ ಹಿಡಿದು ರೇಷನ್ ಅಂಗಡಿಯ ಮುಂದೆ ನಿಂತು ಬೆಳೆದ ನನಗೆ ಅದನ್ನು ವಿವರಿಸಿ ಹೇಳಬೇಕಾಗಲಿಲ್ಲ.

1986ರ ಡಿಸೆಂಬರಿನಲ್ಲಿ ಅಲ್ಲಿನ ಕಮ್ಯುನಿಸ್ಟ್ ಪಕ್ಷ ದಾರಿ ಬದಲಿಸಿತು. "ದೋಯ್ ಮೋಯ್" ಎಂದರೆ ಹೊಸತನ ಎಂದು ಹೆಸರು. ಸ್ವಂತ ವ್ಯಾಪಾರಕ್ಕೆ ಬಾಗಿಲು ತೆರೆಯಿತು. 1989ರ ಹೊತ್ತಿಗೆ, ಅಲ್ಲಿಯವರೆಗೆ ಅಕ್ಕಿ ಬೇಡುತ್ತಿದ್ದ ದೇಶ ಅಕ್ಕಿ ಮಾರತೊಡಗಿತು. ನಮ್ಮ ಬಾನ್ ಕುವೊನ್ ಅಜ್ಜಿಯ ಕಥೆಯೂ ಆಗಿನದೇ. ಸರ್ಕಾರಿ ಅಂಗಡಿಯಲ್ಲಿ ಸಂಬಳಕ್ಕಿದ್ದವರಿಗೆ ಆ ಕೆಲಸ ಹೋಯಿತು. ಗಂಡನಿಗೆ ಯುದ್ಧದಲ್ಲಿ ಪೆಟ್ಟಾಗಿತ್ತು. ತಾಯಿಯ ಹಳೆಯ ಪಾತ್ರೆ, ಒಂದು ಗಜ ಬಟ್ಟೆ ತೆಗೆದುಕೊಂಡು ಫುಟ್‌ಪಾತಿಗೆ ಬಂದು ಕುಳಿತರು. "ಮೂರು ಮಕ್ಕಳೂ ಈ ಬಟ್ಟೆಯ ಮೇಲೇ ಬೆಳೆದರು" ಎಂದರು. ಹುಡುಗಿ ಅದನ್ನು ತರ್ಜುಮೆ ಮಾಡುವಾಗ ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದರು. ನನಗೆ ಮಾತು ಹೊರಡಲಿಲ್ಲ.

ಅಷ್ಟರಲ್ಲಿ ಬೀದಿಯ ತುದಿಯಿಂದ ಯಾರೋ ಕೂಗಿದರು. ಪಕ್ಕದಲ್ಲಿ ಹಣ್ಣು ಮಾರುತ್ತಿದ್ದ ಇಬ್ಬರು ಹೆಂಗಸರು ಕಾವಡಿ ಹೆಗಲಿಗೇರಿಸಿ ಓಡತೊಡಗಿದರು. ಒಬ್ಬಳ ಬುಟ್ಟಿಯಿಂದ ಉರುಳಿದ ಪೇರಲೆ ಹಣ್ಣು ನನ್ನ ಕಾಲ ಬಳಿ ಬಂದು ನಿಂತಿತು. ಪೊಲೀಸರ ವಾಹನ ಬರುತ್ತಿದೆಯೆಂದು ಹುಡುಗಿ ಹೇಳಿದಳು. ಹನೋಯಿಯಲ್ಲಿ 2008ರಲ್ಲಿಯೇ 62 ಬೀದಿಗಳಲ್ಲಿ ತಿರುಗಿ ಮಾರುವುದನ್ನು ನಿಷೇಧಿಸಲಾಗಿತ್ತು. 2017ರಲ್ಲಿ ದೊಡ್ಡ ಊರುಗಳಲ್ಲಿ ಫುಟ್‌ಪಾತ್ ತೆರವು ಮಾಡುವ ಅಬ್ಬರ ಇನ್ನೂ ಜೋರಾಯಿತು. ನಡೆಯುವವರಿಗೆ ಜಾಗ ಬೇಕು, ಅದೂ ನಿಜ. ಆದರೆ ಓಡುವವರ ಹೆಗಲ ಮೇಲೆ ಇರುವುದು ಒಂದೊಂದು ಮನೆಯ ಅನ್ನ.

ಮರುದಿನ ಊರು ಸುತ್ತುವಾಗ ಒಂದನ್ನು ಗಮನಿಸಿದೆ. ಎಷ್ಟೋ ಅಂಗಡಿಗಳ ಬೋರ್ಡಿನಲ್ಲಿ ತಿಂಡಿಯ ಹೆಸರಿನ ಪಕ್ಕ "ಬಾ" ಎಂದಿತ್ತು. ಇಂಥ ಅಜ್ಜಿಯ ಫೊ, ಇಂಥ ಅಜ್ಜಿಯ ಬಾನ್ ಕುವೊನ್. ಕಾವಡಿ ಹೊತ್ತ ಹೆಂಗಸಿನ ಹೆಸರನ್ನು ಮಕ್ಕಳು, ಮೊಮ್ಮಕ್ಕಳು ದೊಡ್ಡ ಅಕ್ಷರದಲ್ಲಿ ಬರೆಸಿ ಬಾಗಿಲ ಮೇಲೆ ತೂಗುಹಾಕಿದ್ದರು.

ಈಗ ನಮ್ಮಜ್ಜಿಯ ಕಥೆ. ತಾತ ತೀರಿಕೊಂಡದ್ದು 1943ರಲ್ಲಿ. ಬರ್ಮಾದ ಅಕ್ಕಿ ನಿಂತು ಎಲ್ಲೆಡೆ ಅಭಾವವಿದ್ದ ಕಾಲ. ಮೂರು ಮಕ್ಕಳ ವಿಧವೆ ಅಜ್ಜಿ ನಸುಕಿನಲ್ಲೆದ್ದು ಇಡ್ಲಿ ಬೇಯಿಸಿ ಹಿತ್ತಿಲ ಬಾಗಿಲಿನಿಂದ ಮಾರಿದಳು. ಹತ್ತು ವರ್ಷ ಹೀಗೆಯೇ ನಡೆಯಿತು. ಅಪ್ಪ ಓದಿ ಮೇಷ್ಟರಾದರು, ಅಂದಿಗೆ ಒಲೆ ಆರಿತು. ಆಮೇಲೆ ನಮ್ಮ ಮನೆಯಲ್ಲಿ ಆ ಮಾತೇ ಇಲ್ಲ. ನನಗೆ ಅದು ತಿಳಿದದ್ದು ಪಕ್ಕದ ಮನೆಯವರ ಬಾಯಿಂದ. ಅಪ್ಪನನ್ನು ಕೇಳಿದಾಗ ಅವರು ಪೇಪರಿನಿಂದ ತಲೆಯೆತ್ತದೆ, "ಯಾರು ಹೇಳಿದ್ದು ನಿಂಗೆ?" ಎಂದಿದ್ದರು, ಅಷ್ಟೇ. ಅಜ್ಜಿ ಕೊನೆಯವರೆಗೂ ಯಾರಿಗೂ ಹೇಳಲಿಲ್ಲ. ನಾನೂ ನನ್ನ ಮಕ್ಕಳಿಗೆ ಹೇಳಿರಲಿಲ್ಲ. ಹನೋಯಿಯ ಬೀದಿಯಲ್ಲಿ, ಆ ಬೋರ್ಡುಗಳ ಕೆಳಗೆ ನಿಂತು ಮಗಳಿಗೆ ಹೇಳಿದೆ. ಅವಳು, "ಇಷ್ಟು ದಿನ ಯಾಕಮ್ಮಾ ಹೇಳ್ಲಿಲ್ಲ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

2024ರಲ್ಲಿ ವಿಯೆಟ್ನಾಮ್ ಸರ್ಕಾರ ಹನೋಯಿಯ ಫೊ ಮತ್ತು ನಾಮ್ ದಿನ್‌ನ ಫೊ ಎರಡನ್ನೂ ರಾಷ್ಟ್ರದ ಪರಂಪರೆಯ ಪಟ್ಟಿಗೆ ಸೇರಿಸಿತೆಂದು ಓದಿದೆ. ಸಂತೋಷವಾಯಿತು. ಓಡಿಹೋದ ಆ ಇಬ್ಬರು ಹೆಂಗಸರೂ ನೆನಪಾದರು.

ಊರಿಗೆ ಬಂದ ಮೇಲೆ ಉಳಿದಿದ್ದವರು ಸೋದರತ್ತೆ ಒಬ್ಬರೇ, 85 ದಾಟಿದವರು. ಅವರ ಪಕ್ಕ ಕುಳಿತು ಹನೋಯಿಯ ಬಟ್ಟೆ, ಹಬೆ ಎಲ್ಲ ಹೇಳಿ, ಮೆಲ್ಲಗೆ ಕೇಳಿದೆ. "ಅತ್ತೆ, ಅಜ್ಜಿ ಇಡ್ಲಿ ಎಷ್ಟಕ್ಕೆ ಮಾರ್ತಿದ್ಲು?" ಅವರು ಬಹಳ ಹೊತ್ತು ಸುಮ್ಮನಿದ್ದರು. ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಮೂರು ಕಾಸಿಗೆ ಒಂದು" ಎಂದರು. "ಚಟ್ನಿ ಬಿಟ್ಟಿ. ಬುಟ್ಟಿ ಹೊತ್ಕೊಂಡು ಮನೆ ಮನೆಗೆ ಕೊಟ್ಟು ಬರ್ತಿದ್ದೋಳು ನಾನೇ ಕಣೇ. ಬಾ, ಇಲ್ಲಿ ಹತ್ರ ಕೂತ್ಕೋ, ಹೇಳ್ತೀನಿ."