ತೊಟ್ಟಿಲು ತೂಗಿದವರು ಯಾರು? ಮಲೆನಾಡಿನ ದುಡಿಯುವ ತಾಯಂದಿರ ಒಂದು ಚರಿತ್ರೆ

ದುಡಿಯುವ ತಾಯಿ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಹೆಗಲಿಗೆ ಬ್ಯಾಗು ಹಾಕಿಕೊಂಡು ಬೆಳಗಿನ ಬಸ್ಸಿಗೆ ಓಡುವ ಶಿಕ್ಷಕಿ, ನರ್ಸ್ ಅಥವಾ ಬ್ಯಾಂಕ್ ನೌಕರಳು. ಹೆಣ್ಣು ಓದಿ ಉದ್ಯೋಗಕ್ಕೆ ಹೋದ ಮೇಲೆ ಹುಟ್ಟಿಕೊಂಡ ಹೊಸ ಸಮಸ್ಯೆ ಇದು ಎಂದು ಕೆಲವರು ಭಾಷಣಗಳಲ್ಲಿ ಹೇಳುವುದನ್ನೂ ಕೇಳುತ್ತೇವೆ. ಆದರೆ ಬಾಳಗಡಿಯ ಸುತ್ತಲಿನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಚರಿತ್ರೆ ಬೇರೆಯೇ ಮಾತನ್ನು ಹೇಳುತ್ತದೆ. ಇಲ್ಲಿನ ಬಡವರ ಮನೆಗಳಲ್ಲಿ ತಾಯಿ ದುಡಿಯದೇ ಇದ್ದ ಕಾಲವೇ ಇರಲಿಲ್ಲ. ಹಾಗಾದರೆ ಆಕೆ ದುಡಿಯುವಾಗ ಮಗುವನ್ನು ನೋಡಿಕೊಂಡವರು ಯಾರು? ಈ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳನ್ನು ನೋಡುವುದೇ ಈ ಲೇಖನದ ಉದ್ದೇಶ.

ಗದ್ದೆ, ತೋಟ ಮತ್ತು ಜೋಲಿ

ಮಲೆನಾಡಿನ ಮಳೆಗಾಲದಲ್ಲಿ ಗದ್ದೆ ನಾಟಿ ಹೆಂಗಸರ ಕೆಲಸ. ಬೆನ್ನಿಗೆ ಗೊರಬು ಹಾಕಿಕೊಂಡು, ಮೊಣಕಾಲವರೆಗಿನ ಕೆಸರಿನಲ್ಲಿ ಇಡೀ ದಿನ ಬಗ್ಗಿ ನಿಲ್ಲಬೇಕಿತ್ತು. ಮಳೆ ಹಿಂದೆಗೆದ ಮೇಲೆ ಅಡಿಕೆಯ ಕೊನೆ ಕೊಯ್ಲು. ಮರ ಹತ್ತುವವರು ಗಂಡಸರಾದರೆ, ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿ ಅಡಿಕೆ ಸುಲಿಯುವವರು ಹೆಚ್ಚಾಗಿ ಹೆಂಗಸರು. ಕೊಯ್ದ ಅಡಿಕೆಯನ್ನು ಬಹಳ ದಿನ ಹಾಗೆಯೇ ಇಡುವಂತಿಲ್ಲ. ಆದುದರಿಂದ ಸುಲಿತ ರಾತ್ರಿಯವರೆಗೂ ನಡೆಯುತ್ತಿತ್ತು. ಸುಲಿದ ಅಳತೆಗೆ ತಕ್ಕಂತೆ ಕೂಲಿ. ಮಗು ಅತ್ತಿತೆಂದು ಎದ್ದು ಹೋದರೆ ಅಷ್ಟು ಕೂಲಿ ಕಡಿಮೆ.

ಕಾಫಿಯ ಕಥೆಯೂ ಇದೇ. 19ನೇ ಶತಮಾನದಲ್ಲಿ ಚಿಕ್ಕಮಗಳೂರಿನ ಗುಡ್ಡಗಳಲ್ಲಿ ದೊಡ್ಡ ಕಾಫಿ ತೋಟಗಳು ಎದ್ದವು. 1925ರಲ್ಲಿ ಮೈಸೂರು ಸರ್ಕಾರ ನಮ್ಮ ಬಾಳೆಹೊನ್ನೂರಿನ ಬಳಿಯೇ ಕಾಫಿ ಪ್ರಯೋಗ ಕೇಂದ್ರವನ್ನು ತೆರೆಯಿತು. ಗಿಡದ ರೋಗ, ಬೀಜದ ತಳಿ, ಮಣ್ಣಿನ ಗುಣ ಎಲ್ಲದರ ಬಗ್ಗೆಯೂ ಸಂಶೋಧನೆ ನಡೆಯಿತು. ಆದರೆ ಆ ಹಣ್ಣನ್ನು ಕೊಯ್ಯುವ ಕೈಗಳ ಬಗ್ಗೆ ಕಾನೂನು ಯೋಚಿಸಲು ಇನ್ನೂ ಕಾಲು ಶತಮಾನ ಬೇಕಾಯಿತು. ಮೇಸ್ತ್ರಿಗಳು ಮುಂಗಡ ಕೊಟ್ಟು ಘಟ್ಟದ ಕೆಳಗಿನಿಂದ, ಬಯಲುಸೀಮೆಯಿಂದ, ತಮಿಳು ನಾಡಿನಿಂದ ಆಳುಗಳನ್ನು ಕರೆತರುತ್ತಿದ್ದರು. ಲೈನ್ ಮನೆಗಳಲ್ಲಿ ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಇರುತ್ತಿದ್ದರು. ಹಾಲು ಕುಡಿಯುವ ಕೂಸನ್ನು ತಾಯಿ ತೋಟಕ್ಕೇ ಒಯ್ದು, ಹಾಲುವಾಣದ ಮರಕ್ಕೆ ಹಳೇ ಸೀರೆಯ ಜೋಲಿ ಕಟ್ಟಿ ಮಲಗಿಸುತ್ತಿದ್ದಳು. ಜೋಲಿಯ ಪಕ್ಕದಲ್ಲಿ ಕಾವಲಿಗೆ ಕೂರುತ್ತಿದ್ದದ್ದು ಮುದುಕಿಯೊಬ್ಬಳು, ಇಲ್ಲವೇ ಏಳೆಂಟು ವರ್ಷದ ಅಕ್ಕ. ಈ ಅಕ್ಕನನ್ನು ಓದುಗರು ನೆನಪಿನಲ್ಲಿಡಬೇಕು.

ಕಾನೂನಿನ ಕಣ್ಣಿಗೆ ಬಿದ್ದ ತಾಯಿ

ತಾಯ್ತನಕ್ಕೂ ದುಡಿಮೆಗೂ ಸಂಬಂಧವಿದೆ ಎಂದು ಜಗತ್ತು ಒಪ್ಪಿಕೊಂಡದ್ದು ತಡವಾಗಿ. 1919ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ವಾಷಿಂಗ್ಟನ್ನಿನ ತನ್ನ ಮೊದಲ ಸಮ್ಮೇಳನದಲ್ಲೇ ಹೆರಿಗೆ ರಕ್ಷಣೆಯ ಒಪ್ಪಂದವನ್ನು ಅಂಗೀಕರಿಸಿತು. ಭಾರತದಲ್ಲಿ ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರು 1924ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ತಂದ ಹೆರಿಗೆ ಸೌಲಭ್ಯದ ಮಸೂದೆಗೆ ಗೆಲುವು ಸಿಗಲಿಲ್ಲ. 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಇಂಥದೇ ಮಸೂದೆ ಬಂದಾಗ ಡಾ. ಬಿ.ಆರ್. ಅಂಬೇಡ್ಕರ್ ಅದನ್ನು ಬೆಂಬಲಿಸಿ ಮಾತನಾಡಿದರು. ಹೆರಿಗೆಯ ಹಿಂದು ಮುಂದಿನ ದಿನಗಳಲ್ಲಿ ತಾಯಿಗೆ ವಿಶ್ರಾಂತಿ ಸಿಗುವುದು ಇಡೀ ರಾಷ್ಟ್ರದ ಹಿತ ಎಂಬುದು ಅವರ ವಾದವಾಗಿತ್ತು. ಮರುವರ್ಷ, 1929ರಲ್ಲಿ, ಮುಂಬಯಿ ಪ್ರಾಂತ್ಯದಲ್ಲಿ ಕಾಯ್ದೆ ಬಂತು. ಅದು ಕಾರ್ಖಾನೆಯ ಹೆಂಗಸರಿಗಾಗಿ ಬಂದ ಕಾಯ್ದೆ.

ತೋಟದ ತಾಯಿಯ ಸರದಿ ಬಂದದ್ದು ಸ್ವಾತಂತ್ರ್ಯದ ನಂತರ. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯು 50 ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಅವರ ಆರು ವರ್ಷದೊಳಗಿನ ಮಕ್ಕಳಿಗಾಗಿ ಮಾಲೀಕರು ಶಿಶುವಿಹಾರ ನಡೆಸಬೇಕೆಂದು ವಿಧಿಸಿತು. ಗಾಳಿ ಬೆಳಕಿನ ಕೋಣೆ, ನೋಡಿಕೊಳ್ಳಲು ತರಬೇತಾದ ಹೆಂಗಸು ಇರಬೇಕೆಂದಿತು. 1961ರ ಹೆರಿಗೆ ಸೌಲಭ್ಯ ಕಾಯ್ದೆ ಕೂಲಿ ಸಹಿತ 12 ವಾರಗಳ ರಜೆಯನ್ನೂ, ಕೆಲಸಕ್ಕೆ ಮರಳಿದ ಮೇಲೆ ಮಗುವಿಗೆ ಹದಿನೈದು ತಿಂಗಳಾಗುವವರೆಗೆ ದಿನಕ್ಕೆ ಎರಡು ಬಾರಿ ಹಾಲೂಡಿಸುವ ಬಿಡುವನ್ನೂ ಕೊಟ್ಟಿತು. 2017ರ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ ಈ ರಜೆಯನ್ನು 26 ವಾರಗಳಿಗೆ ಏರಿಸಿತು. 50 ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯಗೊಳಿಸಿತು. 2020ರಲ್ಲಿ ಅಂಗೀಕಾರವಾದ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದು ಈ ಹಳೆಯ ಕಾಯ್ದೆಗಳ ಸ್ಥಾನವನ್ನು ಪಡೆದಿವೆ. 26 ವಾರಗಳ ರಜೆ ಮತ್ತು ಶಿಶುಪಾಲನಾ ಕೇಂದ್ರದ ನಿಯಮ ಅಲ್ಲಿಯೂ ಮುಂದುವರಿದಿವೆ.

ಲೆಕ್ಕಕ್ಕೆ ಸಿಗದವರು

ಓದಲು ಎಲ್ಲವೂ ಚೆನ್ನಾಗಿದೆ. ಆದರೆ ಕಾನೂನಿನ ಬಾಗಿಲಲ್ಲಿ ಒಂದು ಅಳತೆಗೋಲು ನಿಂತಿದೆ. 1951ರ ಕಾಯ್ದೆ ಮೂಲದಲ್ಲಿ ಅನ್ವಯಿಸುತ್ತಿದ್ದದ್ದು 25 ಎಕರೆ ಮತ್ತು 30 ಆಳುಗಳಿರುವ ತೋಟಗಳಿಗೆ. 1981ರ ತಿದ್ದುಪಡಿ ಇದನ್ನು 5 ಹೆಕ್ಟೇರ್ ಮತ್ತು 15 ಆಳುಗಳಿಗೆ ಇಳಿಸಿತು. 20 ಮಕ್ಕಳಿದ್ದರೂ ಶಿಶುವಿಹಾರ ಬೇಕೆಂದಿತು. ಆದರೆ ನಮ್ಮ ದೇಶದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಸಣ್ಣವು. ಎರಡು ಮೂರು ಎಕರೆಯ ತೋಟದಲ್ಲಿ ಕೊಯ್ಲಿಗೆ ಬರುವ ನಾಲ್ಕು ಹೆಂಗಸರ ಕೂಸುಗಳಿಗೆ ಈ ಕಾಯ್ದೆ ಏನೂ ಕೊಡಲಿಲ್ಲ. ಇನ್ನು ಅಡಿಕೆ? ಕಾಯ್ದೆಯಲ್ಲಿ ಹೆಸರಿಸಿದ್ದ ಬೆಳೆಗಳು ಚಹಾ, ಕಾಫಿ, ರಬ್ಬರ್, ಸಿಂಕೋನಾ; ಏಲಕ್ಕಿ ನಂತರ ಸೇರಿತು. ಅಡಿಕೆಯ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ.

ಹೆರಿಗೆ ಸೌಲಭ್ಯಕ್ಕೂ ಒಂದು ಷರತ್ತಿದೆ. ಹೆರಿಗೆಗೆ ಮುಂಚಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 80 ದಿನ ದುಡಿದಿರಬೇಕು. ಈ ವಾರ ಒಬ್ಬರ ತೋಟ, ಮುಂದಿನ ವಾರ ಇನ್ನೊಬ್ಬರ ಅಂಗಳ ಎಂದು ದುಡಿಯುವವಳು 80 ದಿನಗಳ ಹಾಜರಿಯನ್ನು ಯಾರಿಂದ ಬರೆಸಿ ತರಬೇಕು?

ಕರಾವಳಿಯಿಂದ ಘಟ್ಟ ಹತ್ತಿ ಬಂದ ನಮ್ಮ ಕುಟುಂಬಗಳಿಗೆ ಬೀಡಿಯ ನೆನಪೂ ಇದೆ. ಮಡಿಲಲ್ಲಿ ಗೆರಸೆ, ಪಕ್ಕದಲ್ಲಿ ತೊಟ್ಟಿಲು. ತೊಟ್ಟಿಲ ಹಗ್ಗವನ್ನು ಕಾಲಿನ ಬೆರಳಿಗೆ ಸಿಕ್ಕಿಸಿಕೊಂಡು ತೂಗುತ್ತಲೇ ಎಲೆ ಕತ್ತರಿಸಿ, ತಂಬಾಕು ತುಂಬಿ, ನೂಲು ಸುತ್ತುವ ಕೆಲಸ. ಮನೆಯಲ್ಲೇ ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಒಪ್ಪಿತು. ಇದು ದೊಡ್ಡ ಹೆಜ್ಜೆ. ಆದರೂ ಶಿಶುವಿಹಾರ ಇರಬೇಕಾದದ್ದು ಕೆಲಸದ ಕಟ್ಟಡದಲ್ಲಿ, ಇವಳ ಕೆಲಸವಿದ್ದದ್ದು ಮನೆಯ ಜಗಲಿಯಲ್ಲಿ. ತಂಬಾಕಿನ ಧೂಳಿನಲ್ಲೇ ಮಗು ಬೆಳೆಯಿತು. ಮನೆಯಲ್ಲೇ ಇರುತ್ತಾಳೆ ಎಂಬ ಕಾರಣಕ್ಕೆ ಆಕೆಯನ್ನು ದುಡಿಯುವ ತಾಯಿ ಎಂದು ಮನೆಯವರೂ ಎಣಿಸಲಿಲ್ಲ.

ಅಂಗನವಾಡಿ ಬಂದ ಮೇಲೆ

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆಗಳಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಆ ಭಾಗ್ಯ ಪಡೆದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಲ್ಲಿಂದ ಅಂಗನವಾಡಿಗಳು ಕ್ರಮೇಣ ಎಲ್ಲ ಊರುಗಳಿಗೂ ಬಂದವು. ಜಾತಿ ಮತ ಕೇಳದೆ, ತಾಯಿ ಎಲ್ಲಿ ದುಡಿಯುತ್ತಾಳೆಂದು ಕೇಳದೆ ಮಗುವನ್ನು ಒಳಗೆ ಕರೆದುಕೊಂಡ ವ್ಯವಸ್ಥೆ ಇದು. ಇದರ ಉಪಕಾರವನ್ನು ನಾವು ಮರೆಯುವಂತಿಲ್ಲ.

ಹಾಗಿದ್ದರೂ ಕೊರತೆಗಳಿವೆ. ಅಂಗನವಾಡಿಯಲ್ಲಿ ಕುಳಿತು ಕಲಿಯುವುದು ಮೂರರಿಂದ ಆರು ವರ್ಷದ ಮಕ್ಕಳು. ಅದಕ್ಕಿಂತ ಚಿಕ್ಕ ಮಕ್ಕಳಿಗೆ ಸಿಗುವುದು ಹೆಚ್ಚಾಗಿ ಮನೆಗೆ ಒಯ್ಯುವ ಆಹಾರ. ತೋಟದ ಕೆಲಸ ಬೆಳಿಗ್ಗೆ ಬೇಗ ಶುರು, ಅಂಗನವಾಡಿಯ ಬಾಗಿಲು ತೆರೆಯುವುದು ಅದಾದ ಮೇಲೆ. 2017ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರು, ಬಾಣಂತಿಯರು ಅಂಗನವಾಡಿಗೇ ಬಂದು ಮಧ್ಯಾಹ್ನದ ಊಟ ಮಾಡಬೇಕಿತ್ತು. ಒಂದು ಮನೆಯಿಂದ ಇನ್ನೊಂದು ಮನೆಗೆ ಗುಡ್ಡ ಇಳಿದು ಹಳ್ಳ ದಾಟಬೇಕಾದ ಮಲೆನಾಡಿನಲ್ಲಿ ಇದು ಸುಲಭದ ಮಾತಲ್ಲ. 2023-24ರ ಬಜೆಟ್ಟಿನಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ರಾಜ್ಯ ಸರ್ಕಾರ ಘೋಷಿಸಿತು. ಮೂರು ವರ್ಷದೊಳಗಿನ ಕೂಸಿನ ಪ್ರಶ್ನೆಯನ್ನು ಪಂಚಾಯತಿಯ ಮಟ್ಟಕ್ಕೆ ತಂದದ್ದು ಈ ಯೋಜನೆಯ ಹೆಚ್ಚುಗಾರಿಕೆ.

ಇನ್ನೊಂದು ಮಾತನ್ನೂ ಹೇಳಬೇಕು. ಊರಿನ ಮಕ್ಕಳನ್ನು ನೋಡಿಕೊಳ್ಳುವ ಅಂಗನವಾಡಿ ಕಾರ್ಯಕರ್ತೆಯೂ ದುಡಿಯುವ ತಾಯಿಯೇ. ಆಕೆಗೆ ಸಿಗುವುದು ಸಂಬಳವಲ್ಲ, ಗೌರವಧನ. ಆಕೆಗೂ ಗ್ರಾಚ್ಯುಟಿಯ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರಲ್ಲಿ. ಕೇಂದ್ರ ಸರ್ಕಾರಿ ಮಹಿಳಾ ನೌಕರರಿಗೆ 2008ರಿಂದ ಮಕ್ಕಳ ಪಾಲನೆಗೆಂದು ಸೇವಾವಧಿಯಲ್ಲಿ 730 ದಿನಗಳ ರಜೆ ಇದೆ. ಅಡಿಕೆ ಸುಲಿಯುವ ತಾಯಿಗೆ ಮಗುವಿಗೆ ಜ್ವರ ಬಂದ ಒಂದು ದಿನದ ರಜೆಯೂ ಇಲ್ಲ. ಇಬ್ಬರೂ ತಾಯಂದಿರೇ.

ಬೆಲೆ ತೆತ್ತವರು

ಈಗ ಮೊದಲು ಹೇಳಿದ ಅಕ್ಕನ ವಿಷಯಕ್ಕೆ ಬರೋಣ. ಕಾನೂನಿನ ಶಿಶುವಿಹಾರ ತಲುಪದ ಕಡೆಯಲ್ಲೆಲ್ಲ ಶಿಶುವಿಹಾರವಾದವಳು ಅವಳೇ. ಕೊಯ್ಲಿನ ಕಾಲ ನವೆಂಬರಿನಿಂದ ಫೆಬ್ರವರಿಯವರೆಗೆ. ಶಾಲೆಯಲ್ಲಿ ಪಾಠಗಳು ಭರದಿಂದ ಸಾಗುವುದೂ ಅದೇ ತಿಂಗಳುಗಳಲ್ಲಿ. ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಮನೆಯಲ್ಲಿ ಉಳಿದ ಹುಡುಗಿ ಮೊದಲು ಹಾಜರಿಯಲ್ಲಿ ಹಿಂದೆ ಬಿದ್ದಳು, ನಂತರ ಪಾಠದಲ್ಲಿ, ಕೊನೆಗೆ ಶಾಲೆಯನ್ನೇ ಬಿಟ್ಟಳು. ಅವಳಿಗೆ ಓದು ತಲೆಗೆ ಹತ್ತಲಿಲ್ಲ ಎಂದು ನಾವು ಹೇಳಿಬಿಟ್ಟೆವು. ಓದದ ಅವಳು ಮುಂದೆ ಅದೇ ತೋಟಕ್ಕೆ ಕೂಲಿಗೆ ಹೋದಾಗ ಅವಳ ಹಿರಿಯ ಮಗಳು ತೊಟ್ಟಿಲ ಬಳಿ ಕುಳಿತಳು. ಒಂದು ತಲೆಮಾರಿನ ತಾಯಿಯ ದುಡಿಮೆಗೆ ಮುಂದಿನ ತಲೆಮಾರಿನ ಹೆಣ್ಣುಮಗುವಿನ ಓದು ಬೆಲೆಯಾಗಿ ಹೋದದ್ದು ಹೀಗೆ.

ಇದಕ್ಕೆ ತಾಯಿಯನ್ನು ದೂರುವುದು ನ್ಯಾಯವಲ್ಲ. ಅವಳು ದುಡಿದದ್ದು ಒಲೆ ಉರಿಯಲೆಂದು. ದೂರಬೇಕಾದದ್ದು ಮಗುವನ್ನು ನೋಡಿಕೊಳ್ಳುವುದು ಮನೆಯ ಹೆಣ್ಣುಗಳಿಗೆ ಮಾತ್ರ ಸೇರಿದ್ದು ಎಂದು ನಂಬಿದ ನಮ್ಮೆಲ್ಲರನ್ನು. ತೊಟ್ಟಿಲು ತೂಗಿದರೆ ಗಂಡಸಿನ ಕೈ ಸವೆಯುವುದಿಲ್ಲ.

ಶಿಕ್ಷಣದ ಹೆಸರಿನಲ್ಲಿ ಸೇರಿರುವ ನಮ್ಮಂಥ ಸಂಘಗಳು ವಿದ್ಯಾರ್ಥಿವೇತನ ಕೊಡುತ್ತವೆ, ರ‍್ಯಾಂಕ್ ಪಡೆದವರನ್ನು ಸನ್ಮಾನಿಸುತ್ತವೆ. ಅದು ಬೇಕು. ಅದರ ಜೊತೆಗೆ ಕೊಯ್ಲಿನ ತಿಂಗಳುಗಳಲ್ಲಿ ಶಾಲೆ ತಪ್ಪಿಸುವ ಹುಡುಗಿಯರು ಯಾರು, ಅವರ ಮನೆಯಲ್ಲಿ ಮೂರು ವರ್ಷದೊಳಗಿನ ಕೂಸು ಇದೆಯೇ ಎಂದು ವಿಚಾರಿಸುವುದೂ ಶಿಕ್ಷಣದ ಕೆಲಸವೇ. ಪಂಚಾಯತಿಯ ಗ್ರಾಮಸಭೆಯಲ್ಲಿ ಎದ್ದು ನಿಂತು ನಮ್ಮೂರಿಗೆ ಶಿಶುಪಾಲನಾ ಕೇಂದ್ರ ಬೇಕೆಂದು ಕೇಳಲು ಯಾರ ಅಪ್ಪಣೆಯೂ ಬೇಕಾಗಿಲ್ಲ.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ಈ ರಜೆಯಲ್ಲಿ ನಿಮ್ಮ ತಾಯಿ ಅಥವಾ ಅಜ್ಜಿಯ ಬಳಿ ಕುಳಿತು, ನಾನು ಚಿಕ್ಕವನಿದ್ದಾಗ, ಚಿಕ್ಕವಳಿದ್ದಾಗ ನೀವು ಕೆಲಸಕ್ಕೆ ಹೋದರೆ ನನ್ನನ್ನು ಯಾರು ನೋಡಿಕೊಳ್ಳುತ್ತಿದ್ದರು ಎಂದು ಕೇಳಿ. ಅವರು ಹೇಳುವ ಹೆಸರು ನಿಮ್ಮ ಅಕ್ಕನದೋ ಚಿಕ್ಕಮ್ಮನದೋ ಆಗಿದ್ದರೆ, ಆಕೆ ಎಷ್ಟನೇ ತರಗತಿಗೆ ಶಾಲೆ ಬಿಟ್ಟರೆಂಬುದನ್ನೂ ಕೇಳಿ ಬರೆದಿಡಿ. ನಮ್ಮ ಊರಿನ ಚರಿತ್ರೆಯಲ್ಲಿ ಇದುವರೆಗೆ ಬರೆಯದೇ ಉಳಿದ ಪುಟ ಅದೇ.